ಬಿಟ್ಟುಕೊಡದ ಒಂದು ವೋಟು

ಬೆಳಿಗ್ಗೆಯೇ ಒಂದು ಕಲ್ಲು ಬಂದು ಎಣಿಕೆ ನಡೆಯುತ್ತಿದ್ದ ಶಾಲೆಯ ಕಿಟಕಿ ಒಡೆದಿತ್ತು. ಹೊರಗೆ ಜನ ಗೇಟು ಹಿಡಿದು ಅಲ್ಲಾಡಿಸುತ್ತಿದ್ದರು. ಟೈಲರಮ್ಮನಿಗೆ ಭಯವಾಗಿತ್ತು, ಸುಳ್ಳೇಕೆ ಹೇಳಬೇಕು? ಆದರೆ ಅವಳ ಎದೆ ಢವಢವ ಎನ್ನುತ್ತಿದ್ದುದು ಮೇಜಿನಾಚೆ ಕೂತ ಎದುರಾಳಿಯನ್ನು ನೋಡಿ.

ಎದುರಾಳಿ ಎಂದರೆ ಮೆಡಿಕಲ್ ಶಾಪಿನವನು. ನಗರಸಭೆಯ ಒಂದೇ ಸೀಟಿಗೆ ಇಬ್ಬರೂ ನಿಂತಿದ್ದರು. ಪ್ರಚಾರದಲ್ಲಿ ಒಂದು ದಿನ ಒಂದೇ ಮನೆಗೆ ಒಂದೇ ಹೊತ್ತಿಗೆ ನುಗ್ಗಿ, ಒಂದೇ ಬೆಂಚಿನ ಮೇಲೆ ಕೂರಬೇಕಾಯಿತು. ಆ ಮನೆಯ ಅಜ್ಜಿ, "ಗಂಡ ಹೆಂಡ್ತಿ ಬೇರೆ ಬೇರೆ ಪಾರ್ಟಿನಾ?" ಎಂದಳು.

"ಇನ್ನೂ ಗಂಡ ಹೆಂಡ್ತಿ ಆಗಿಲ್ಲ, ಅಜ್ಜಿ," ಎಂದ ಅವನು, ಓರೆಗಣ್ಣಲ್ಲಿ ಇವಳನ್ನು ನೋಡುತ್ತ.

ಅಬ್ಬಾ, ಎಷ್ಟು ಧೈರ್ಯ! ಅಲ್ಲಿಂದ ಶುರುವಾಯಿತು ನೋಡಿ. ಹಗಲೆಲ್ಲ ಮೈಕಿನಲ್ಲಿ ಒಬ್ಬರನ್ನೊಬ್ಬರು ಜಾಡಿಸುವುದು, ಸಂಜೆಯಾದರೆ ಫೋನಿನಲ್ಲಿ "ಗಂಟಲು ನೋವು ಕಮ್ಮಿ ಆಯ್ತಾ?" ಎಂದು ಕೇಳುವುದು. ಅವಳ ಏಜೆಂಟನಾಗಿದ್ದ ಸೋದರಮಾವನಿಗೆ ಇದರ ವಾಸನೆ ಬಡಿಯದೆ ಇರಲಿಲ್ಲ.

ಮೊನ್ನೆ ಮೆಡಿಕಲ್ ಶಾಪಿನವನು ಫೋನಿನಲ್ಲಿ, "ನಿಮಗೋಸ್ಕರ ಏನು ಬೇಕಾದ್ರೂ ಬಿಟ್ಟುಕೊಡ್ತೀನಿ ಕಣ್ರೀ," ಎಂದಿದ್ದ. ಆಗ ಹಿತವಾಗಿದ್ದ ಆ ಮಾತು ಈಗ ಅವಳನ್ನು ಹೆದರಿಸಿತ್ತು. ಯಾಕೆಂದರೆ ಇಬ್ಬರ ವೋಟೂ ಸಮಸಮ ಬಂದು, ಒಂದೇ ಒಂದು ಮತಪತ್ರ ಉಳಿದಿತ್ತು.

ಯಾರೋ ಪುಣ್ಯಾತ್ಮರು ಬಾವುಟದ ಗುರುತಿನ ಮುದ್ರೆ ಒತ್ತಿ, ಮಸಿ ಆರುವ ಮೊದಲೇ ಕಾಗದ ಮಡಚಿದ್ದರು. ಇವಳ ಚೌಕದಲ್ಲೂ ಗುರುತು, ಅವನ ಚೌಕದಲ್ಲೂ ಗುರುತು.

"ನಿಜವಾದ ಮುದ್ರೆಯಲ್ಲಿ ಬಾವುಟ ಬಲಕ್ಕೆ ಹಾರುತ್ತೆ. ಮಡಚಿದಾಗ ಅಂಟಿಕೊಂಡಿದ್ದರಲ್ಲಿ ಎಡಕ್ಕೆ," ಎಂದರು ಅಧಿಕಾರಿ ಮೇಡಂ. "ನನ್ನ ಕಣ್ಣಿಗೆ ಎರಡೂ ಮಸಿ ಮುದ್ದೆ. ನೀವಿಬ್ಬರೂ ನೋಡಿ. ಒಂದೇ ಮಾತು ಹೇಳಿದ್ರೆ ಎಣಿಸ್ತೀನಿ. ತಕರಾರು ಅಂದ್ರೆ ಇದು ರದ್ದು, ಚೀಟಿ ಎತ್ತೋದೇ."

ಮಾವ ಅವಳ ಕಿವಿಯ ಹತ್ತಿರ ಬಂದ. "ನಮ್ದೇ ಅನ್ನು. ಚೀಟಿಗಾದ್ರೂ ಹೋಗ್ಲಿ. ಹೊರಗಿರೋ ನಮ್ಮೋರು ಸೋಲಿನ ಸುದ್ದಿ ಕೇಳೋಕೆ ಬಂದಿಲ್ಲ, ಗೊತ್ತಲ್ಲ?"

ಇಬ್ಬರೂ ಬಗ್ಗಿದರು. ತಲೆಗೆ ತಲೆ ತಾಗುವಷ್ಟು ಹತ್ತಿರ. ಅವನ ಉಸಿರು ಅವಳ ಮುಂಗೂದಲನ್ನು ಅಲುಗಿಸುತ್ತಿತ್ತು. ಬೇರೆ ದಿನವಾಗಿದ್ದರೆ ನಾಚಿ ಸಾಯುತ್ತಿದ್ದಳು. ಕಣ್ಣು ಕಿರಿದು ಮಾಡಿ ಹುಡುಕಿದಳು. ಅವನ ಚೌಕದ ಮಸಿಯಲ್ಲಿ ಬಾವುಟದ ತುದಿಯೊಂದು ಬಲಕ್ಕೆ ಚಾಚಿತ್ತು. ವೋಟು ಅವನದು. ಅವನ ದೃಷ್ಟಿಯೂ ಅಲ್ಲೇ ನಿಂತಿತ್ತು.

ಅವನು ನಿಧಾನವಾಗಿ ತಲೆಯೆತ್ತಿ ಅವಳನ್ನು ನೋಡಿದ. ಆ ನೋಟದ ತುಂಬ ಪ್ರೀತಿ ಇತ್ತು, ಅದಕ್ಕೇ ಅವಳ ಜೀವ ಬಾಯಿಗೆ ಬಂತು. ಬೇಡ ಮಾರಾಯ, ಬಿಟ್ಟುಕೊಡಬೇಡ, ಎಂದು ಒಳಗೊಳಗೇ ಕೂಗಿಕೊಂಡಳು. ನೀನು ಹಾಕಿದ ಭಿಕ್ಷೆಯ ಕುರ್ಚಿಯಲ್ಲಿ ಕೂತು, ನಿನ್ನ ಪಕ್ಕದಲ್ಲಿ ಬಾಳುವುದು ನನ್ನಿಂದಾಗದು.

"ಹೇಳಿ," ಎಂದರು ಮೇಡಂ.

ಅವನು ಮತಪತ್ರದ ಮೇಲೆ ಬೆರಳಿಟ್ಟ. "ಇದು ನನ್ನ ವೋಟು."

ಅವಳಿಗೆ ಹೋದ ಜೀವ ಬಂದಂತಾಯಿತು. ಸೋತ ಆ ಗಳಿಗೆಯಲ್ಲಿ ಅವನ ಮೇಲೆ ಉಕ್ಕಿದಷ್ಟು ಪ್ರೀತಿ ಅವಳಿಗೆ ಹಿಂದೆಂದೂ ಉಕ್ಕಿರಲಿಲ್ಲ.

"ಹೌದು. ಅವರದ್ದೇ," ಎಂದಳು.

ಮಾವ ಕುರ್ಚಿ ಒದ್ದು ಹೊರಗೆ ಹೋದ. ಸಹಿ ಹಾಕಿ ಇಬ್ಬರೂ ಕಾರಿಡಾರಿಗೆ ಬಂದರು.

"ಕೋಪ ಬಂತಾ?" ಎಂದ ಅವನು.

"ವೋಟು ನನಗೆ ಬಿಟ್ಟುಕೊಟ್ಟಿದ್ದಿದ್ರೆ ಈ ಜನ್ಮದಲ್ಲಿ ನಿಮ್ಮ ಮುಖ ನೋಡ್ತಿರ್ಲಿಲ್ಲ."

"ನಿಮ್ಮದೇ ಅಂತ ಹೇಳೋಕೆ ಬಾಯಿವರೆಗೂ ಬಂದಿತ್ತು. ನಿಮ್ಮ ಮುಖ ನೋಡಿದೆ. ಹೆದರಿಕೆ ಆಯ್ತು."

"ಹೆದರಿ. ಮುಂದೆಯೂ ಹೀಗೇ ಹೆದರ್ತಾ ಇರಿ," ಎಂದಳು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

"ಹಿಂದಿನ ಬಾಗಿಲಿಂದ ಹೋಗೋಣ. ಮುಂದೆ ಇರೋರೆಲ್ಲ ನಿಮ್ಮ ಕಡೆಯೋರು."

"ಗೆದ್ದೋರು ಕದ್ದು ಹೋಗ್ತಾರಾ? ಬನ್ನಿ."

ಬಾಗಿಲು ತೆರೆದದ್ದೇ ತಡ, ಹುಯ್ಲೆದ್ದಿತು. ಎಲ್ಲರಿಗಿಂತ ಮುಂದೆ ಮಾವ. ಅವನ ಹಿಂದೆ ನಿಂತಿದ್ದವನ ಕೈಯಲ್ಲಿ ಕಲ್ಲು.

"ಮೋಸ!" ಎಂದು ಕಿರುಚಿದ ಮಾವ. "ಇವನ ಮೇಲಿನ ಮೋಹಕ್ಕೆ ನಮ್ಮ ಸೀಟು ಕೊಟ್ಟುಬಂದ್ಯಲ್ಲೇ!"

ಅವಳು ಮೆಡಿಕಲ್ ಶಾಪಿನವನಿಗೆ ಅಡ್ಡವಾಗಿ ಹೋಗಿ ನಿಂತಳು.

"ಮೋಸ ಆಗಿಲ್ಲ, ಮಾವ. ವೋಟು ಇವರದ್ದು, ನನ್ನ ಕಣ್ಣಾರೆ ನೋಡಿದೀನಿ. ಅದನ್ನ ಇವರು ನನಗೆ ದಾನ ಮಾಡಿದ್ದಿದ್ರೆ ಇವರ ಸಹವಾಸವೇ ಬೇಡ ಅಂತಿದ್ದೆ. ಮಾಡ್ಲಿಲ್ಲ. ಅದಕ್ಕೇ ಮದುವೆ ಅಂತ ಆದ್ರೆ ಇವರನ್ನೇ ಆಗ್ತೀನಿ. ಕಲ್ಲು ಹೊಡೆಯೋರು ಮೊದಲು ನನಗೆ ಹೊಡೀರಿ."

ಅವಳು ಕೈ ಹಿಂದಕ್ಕೆ ಚಾಚಿದಳು. ತಣ್ಣಗಿದ್ದ, ಬೆವೆತಿದ್ದ ಅವನ ಕೈ ಸಿಕ್ಕಿತು. ಕಲ್ಲು ಹಿಡಿದವನು ಅದನ್ನು ಇನ್ನೂ ಕೆಳಗೆ ಹಾಕಿರಲಿಲ್ಲ. ಅವಳು ಆ ಕಲ್ಲಿನವನ ಮುಖವನ್ನೇ ನೋಡುತ್ತ ಮೆಟ್ಟಿಲಿಳಿದಳು.