ಒದ್ದೆ ಕುಂಡದ ಒಣ ಬೇರು

ಗಾಜಿನ ಮನೆಯ ಬಾಗಿಲು ತೆಗೆದ ಮಾಲಿ ಒಳಗೆ ಕಾಲಿಟ್ಟವನೇ ಕಿರುಚಿದ. ನಲವತ್ತು ಆರ್ಕಿಡ್. ನಲವತ್ತೂ ಸತ್ತಂತೆ ಜೋತುಬಿದ್ದಿದ್ದವು. ಕುಂಡಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮೂರು ವಾರ ರಜೆ ಮುಗಿಸಿ ಆ ಬೆಳಿಗ್ಗೆಯಷ್ಟೇ ಬಂದಿದ್ದ. ಹೆಗಲ ಚೀಲ ಇನ್ನೂ ಕೆಳಗಿಟ್ಟಿರಲಿಲ್ಲ.

ಕೂಗು ಕೇಳಿ ಗಿಡಗಳ ಒಡತಿ ಕುಂಟಿಕೊಂಡು ಬಂದಳು. ಕಾಲಿಗೆ ಪ್ಲಾಸ್ಟರ್, ಕಂಕುಳಲ್ಲಿ ಊರುಗೋಲು. ಒಂದು ಸಲ ನೋಡಿದಳು. ಊರುಗೋಲು ಎಸೆದು ಮಾಲಿಯ ಕೆನ್ನೆಗೆ ರಪ್ಪನೆ ಬಾರಿಸಿದಳು. ಆಮೇಲೆ ಪೊಲೀಸರಿಗೆ ಫೋನ್ ಮಾಡಿದಳು.

* * *

"ಹೊಡೆದಾಟ, ಕಳ್ಳತನ ಸಾಲದು ಅಂತ ಈಗ ಹೂವಿನ ಕೊಲೆ ಬೇರೆ," ಎಂದು ಗೊಣಗುತ್ತಲೇ ಇನ್ಸ್‌ಪೆಕ್ಟರಮ್ಮ ಜೀಪಿನಿಂದಿಳಿದಳು. ಬೇಡ ಅನ್ನುವಂತಿರಲಿಲ್ಲ. ಬೇಕಂತಲೇ ಹಾಳು ಮಾಡಿದ್ದು ಅಂತಾದರೆ ಮಾಲಿ ಜೈಲಿಗೆ ಹೋಗುವುದು ಖಂಡಿತ. ಇಪ್ಪತ್ತಾರು ವರ್ಷದ ಕೆಲಸ, ಒಳ್ಳೆಯ ಹೆಸರು, ಎರಡೂ ಒಂದೇ ದಿನಕ್ಕೆ ಮಣ್ಣುಪಾಲು.

ಗಾಜಿನ ಮನೆಯ ನಡುವೆ ದಪ್ಪ ಪ್ಲಾಸ್ಟಿಕ್ ಪರದೆ. ಈಚೆ ತಂಗಿಯದು, ಅಂದರೆ ಈ ಒಡತಿಯದು; ಆಚೆ ಅವಳ ಅಣ್ಣನದು. ಬಾಗಿಲೂ ಬೇರೆ ಬೇರೆ. ಒಂದೇ ಮನೆಯಲ್ಲಿದ್ದರೂ ಇಬ್ಬರದೂ ಎಣ್ಣೆ ಸೀಗೆಕಾಯಿ. ಜಗಳ ಯಾತಕ್ಕೆ ಅಂತ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಬೇರಿಗೆ ಸದಾ ತೇವ ಬೇಕೆನ್ನುವ ಈ ಆರ್ಕಿಡ್ಡನ್ನು ಸ್ಪಂಜಿನ ಹಾಗೆ ನೀರು ಹಿಡಿದಿಡುವ ನಾರುನಾರು ಪಾಚಿಯಲ್ಲಿ ನೆಡಬೇಕು ಅಂತ ತಂಗಿ. ಮರದ ತೊಗಟೆ, ಇದ್ದಿಲ ಚೂರುಗಳಲ್ಲಿ ನೆಟ್ಟು ದಿನಾ ನೀರು ಹಾಯಿಸಬೇಕು ಅಂತ ಅಣ್ಣ. ಶನಿವಾರ ಹೂವಿನ ಪ್ರದರ್ಶನ. ಸೋತವರು ಗಾಜಿನ ಮನೆ ಖಾಲಿ ಮಾಡಬೇಕು ಅಂತ ಪಂಥ ಬೇರೆ ಕಟ್ಟಿದ್ದರು.

"ಇವನೇ ಮೇಡಂ," ತಂಗಿ ಮಾಲಿಯತ್ತ ಬೆರಳು ತೋರಿಸಿದಳು. "ಆ ಡ್ರಮ್ಮಿನಿಂದ ಟ್ರೇಗೆ ಹನಿ ಹನಿ ನೀರು ಬೀಳಬೇಕು. ಟ್ರೇಯಿಂದ ಹತ್ತಿಯ ಬತ್ತಿ ನೀರು ಹೀರಿ ಪಾಚಿಗೆ ಕೊಡುತ್ತೆ. ಮೂರು ವಾರ ಯಾರೂ ಮುಟ್ಟೋದೇ ಬೇಡ. ಇವನು ನಲ್ಲಿ ಪೂರ್ತಿ ಬಿಟ್ಟು ಹೋಗಿದ್ದಾನೆ. ಬೇರು ಕೊಳೆತು ಸತ್ತಿವೆ. ಹೋಗೋ ಮುಂಚೆ ಬೈದಿದ್ದೆ, ಅದರ ಸೇಡು ತೀರಿಸ್ಕೊಂಡ."

ನಲ್ಲಿ ಪೂರ್ತಿ ತೆರೆದಿತ್ತು. ಡ್ರಮ್ ಖಾಲಿ. ಟ್ರೇಗಳು ತುಂಬಿ ತುಳುಕುತ್ತಿದ್ದವು.

"ಏನಯ್ಯಾ, ಏನು ಹೇಳ್ತೀಯ?"

"ನನ್ನ ಮೇಲೆ ಸುಮ್ನೆ ಗೂಬೆ ಕೂರಿಸ್ತಿದ್ದಾರೆ ಮೇಡಂ. ಎಲೆ ನೋಡಿ ಅಂತ ಬಡ್ಕೊಂಡೆ. ಕೇಳೋರ್ಯಾರು?"

"ಎಲೆಯಲ್ಲಿ ಏನಿದೆ?"

ಮಾಲಿ ಎಳೆಯ ಎಲೆಯೊಂದನ್ನು ಎತ್ತಿ ಹಿಡಿದ. ಕಾಗದದ ಬೀಸಣಿಗೆಯ ಹಾಗೆ ಅಡ್ಡಡ್ಡ ನೆರಿಗೆ. "ಎಲೆ ಬೆಳೆಯುವಾಗ ಬಾಯಾರಿದ್ರೆ ಹೀಗೆ ನೆರಿಗೆ ಕಟ್ಟುತ್ತೆ. ಆಮೇಲೆ ಕೊಡಗಟ್ಟಲೆ ಸುರಿದರೂ ನೆಟ್ಟಗಾಗಲ್ಲ. ನಾನು ಹೊರಟ ದಿನ ಒಂದು ನೆರಿಗೆಯೂ ಇರಲಿಲ್ಲ."

"ಬಾಯಿ ಮುಚ್ಚೋ!" ತಂಗಿ ಚೀರಿದಳು. "ನೀರಲ್ಲಿ ಮುಳುಗಿರೋ ಗಿಡಕ್ಕೆ ಬಾಯಾರಿಕೆ ಅಂತೆ!"

ಇನ್ಸ್‌ಪೆಕ್ಟರಮ್ಮ ಒಂದು ಕುಂಡ ಬೋರಲು ಹಾಕಿ ತಟ್ಟಿದಳು. ಪಾಚಿಯ ಉಂಡೆ ಹೊರಗೆ ಬಂತು. ಹೊರಗೆಲ್ಲ ಒದ್ದೆ. ಎರಡು ಹೋಳು ಮಾಡಿದಳು. ಒಳಗೆ ಹಳೇ ಪೊರಕೆಯ ಹಾಗೆ ಒಣಗಿ ಗರಗರ ಎನ್ನುತ್ತಿತ್ತು. ಕೊಳೆತ ವಾಸನೆ ಇಷ್ಟೂ ಇಲ್ಲ.

ತಂಗಿ ಆ ಒಣ ಪಾಚಿಯನ್ನು ಬೆರಳಿನಿಂದ ತಿಕ್ಕಿ ನೋಡಿದಳು.

* * *

ಪರದೆಯ ಆಚೆ ಅಣ್ಣ ತೊಗಟೆ ಜರಡಿ ಹಿಡಿಯುತ್ತಿದ್ದ. ಅವನ ಹೆಂಡತಿ ಮೂಲೆಯಲ್ಲಿ ಪೈಪು ಸುತ್ತಿಡುತ್ತಿದ್ದಳು. ಅಣ್ಣನ ಮುಖದಲ್ಲಿ ದುಃಖದ ಸುಳಿವೇ ಇರಲಿಲ್ಲ.

"ಸತ್ತವಂತಲ್ಲ? ಒಳ್ಳೇದಾಯ್ತು. ಪಾಚಿ ಪಾಚಿ ಅಂತ ಕುಣೀತಿದ್ಳು."

"ಪರದೆ ಎತ್ತಿ ನೋಡಿರಲಿಲ್ವಾ?" ಇನ್ಸ್‌ಪೆಕ್ಟರಮ್ಮ ಕೇಳಿದಳು.

"ಎರಡು ವರ್ಷ ಆಯ್ತು. ಅವಳ ಗಾಳಿಯೂ ನನಗೆ ಬೇಡ."

"ಪಾಚಿಯ ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ ಬಿಡಿ."

ಮರ್ಮಕ್ಕೆ ತಾಗಿತು. "ಏನಂದ್ರಿ? ಹತ್ತು ವರ್ಷ ಪಾಚಿಯಲ್ಲೇ ಬೆಳೆಸಿದವನು ನಾನು! ಅವಳಿಗೆ ಅ ಆ ಇ ಈ ಕಲಿಸಿದ್ದೇ ನಾನು!"

"ಇಷ್ಟು ಗಿಡಕ್ಕೆ ದಿನಾ ನೀರು ಹಾಕೋದು ಕಷ್ಟ ಅಲ್ವಾ?"

"ಅದಕ್ಕೆ ಇವಳಿದ್ದಾಳಲ್ಲ," ಎಂದು ಹೆಂಡತಿಯ ಕಡೆ ತಿರುಗದೆಯೇ ಹೇಳಿದ.

ಹೆಂಡತಿ ಮೆಲ್ಲಗೆ, "ನನಗೆ ಗಿಡದ ವಿಷಯ ಏನೂ ಗೊತ್ತಿಲ್ಲ ಮೇಡಂ," ಎಂದಳು.

ತಂಗಿಯ ಬಾಗಿಲಿನ ಇನ್ನೊಂದು ಬೀಗದ ಕೈ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ತಂಗಿ ಮಾತ್ರ ಮೂರು ವಾರದ ಹಿಂದೆ ಪ್ಲಾಸ್ಟರ್ ಹಾಕಿದ ದಿನದಿಂದ ಈ ಬೆಳಿಗ್ಗೆಯವರೆಗೆ ಮಹಡಿ ಇಳಿದಿರಲಿಲ್ಲ.

* * *

ಮಧ್ಯಾಹ್ನ ಇನ್ಸ್‌ಪೆಕ್ಟರಮ್ಮ ಎಲ್ಲರನ್ನೂ ಗಾಜಿನ ಮನೆಗೆ ಕರೆದಳು. ಮೂರು ಕುಂಡ ಒಡೆದು, ಹೊರಗಿನ ಒದ್ದೆ ಕಿತ್ತುಹಾಕಿ, ಒಣ ಉಂಡೆಗಳನ್ನು ಮೇಜಿನ ಮೇಲಿಟ್ಟಿದ್ದಳು. ಪಕ್ಕದಲ್ಲಿ ಬಕೆಟ್ ನೀರು. ಗೋಡೆಯ ನಲ್ಲಿಗೆ ಸಿಕ್ಕಿಸಿದ ಪೈಪು.

"ಬೇರಿನ ತಿರುಳು ಇನ್ನೂ ಹಸಿರಾಗಿದೆ ಅಂತಾರೆ ಮಾಲಿ. ಒಬ್ಬೊಬ್ಬರು ಒಂದೊಂದಕ್ಕೆ ನೀರು ಕುಡಿಸಿ, ನೋಡೋಣ."

ತಂಗಿ ಉಂಡೆಯನ್ನು ಸೀದಾ ಬಕೆಟ್ಟಿಗೆ ಅದ್ದಿ, ತೇಲದಂತೆ ಒತ್ತಿ ಹಿಡಿದಳು. ಅಣ್ಣ ಮೂಗು ಮುರಿಯುತ್ತಲೇ ಪಕ್ಕದಲ್ಲಿ ತನ್ನದನ್ನೂ ಮುಳುಗಿಸಿದ.

ಅಣ್ಣನ ಹೆಂಡತಿ ಪೈಪು ಎತ್ತಿಕೊಂಡಳು. ಉಂಡೆಯ ಮೇಲೆ ಧಾರಾಳವಾಗಿ ಬಿಟ್ಟಳು. ನೀರು ಮಣಿಮಣಿಯಾಗಿ ಜಾರಿ ಕೆಳಗೆ ಹೋಯಿತು. "ಆಯ್ತು," ಎಂದಳು.

ಇನ್ಸ್‌ಪೆಕ್ಟರಮ್ಮ ಅವಳ ಉಂಡೆ ಮುರಿದು ತೋರಿಸಿದಳು. ಒಳಗೆ ಅದೇ ಗರಗರ.

"ಪೂರ್ತಿ ಒಣಗಿದ ಪಾಚಿ ಮೇಲಿಂದ ಸುರಿದರೂ, ಬತ್ತಿಯಿಂದಲೂ ನೀರು ಹೀರಲ್ಲ. ಗಂಟೆಗಟ್ಟಲೆ ಮುಳುಗಿಸಬೇಕು. ಅದು ಮಾಲಿಗೆ ಗೊತ್ತು, ತಂಗಿಗೆ ಗೊತ್ತು, ಅಣ್ಣನಿಗೂ ಗೊತ್ತು. ಈ ಮೂವರಲ್ಲಿ ಯಾರೇ ಆಗಿದ್ದರೂ ಕುಂಡದ ಒಳಗೂ ಒದ್ದೆ ಇರ್ತಿತ್ತು, ನನಗೆ ಏನೂ ಸಿಗ್ತಿರಲಿಲ್ಲ. ದಿನಾ ತೊಗಟೆಗೆ ನೀರು ಹಾಯಿಸಿದ ಕೈ ಮಾತ್ರ ಪೈಪು ಹಿಡಿಯುತ್ತೆ. ಮಾಲಿ ಹೊರಟ ದಿನವೇ ಡ್ರಮ್ಮಿನ ನಲ್ಲಿ ತಿರುಗಿಸಿ ನಿಲ್ಲಿಸಿದಿರಿ. ಗಿಡ ಒಣಗುತ್ತಾ ನೆರಿಗೆ ಕಟ್ಟಿತು. ಅವರು ಬರೋ ಹಿಂದಿನ ದಿನ ಡ್ರಮ್ ಖಾಲಿ ಮಾಡಿ, ಪೈಪಿನಿಂದ ತೋಯಿಸಿ, ಕೊಳೆತ ಹಾಗೆ ಕಾಣಿಸಿದಿರಿ. ಸರಿನಾ?"

ಅಣ್ಣನ ಹೆಂಡತಿ ಪೈಪು ಕೆಳಗೆ ಬಿಟ್ಟಳು. ಮೆಲುದನಿ ಎಲ್ಲಿ ಹೋಯಿತೋ.

"ಸರಿ! ನಾನೇ! ಊಟಕ್ಕೆ ಕೂತರೆ ಪಾಚಿ, ಎದ್ದರೆ ತೊಗಟೆ. ಇಪ್ಪತ್ತು ವರ್ಷದಲ್ಲಿ ನೀನು ಉಂಡೆಯಾ ಅಂತ ಒಬ್ಬರೂ ಕೇಳಲಿಲ್ಲ. ಒಬ್ಬರು ಸೋತು ತೊಲಗಿದರೆ ಈ ರಗಳೆ ಮುಗಿಯುತ್ತೆ ಅಂದ್ಕೊಂಡೆ."

"ಮಾಲಿ ಏನು ಮಾಡಿದ್ದರು?"

"ಯಾರ ಮೇಲಾದ್ರೂ ಹೋಗಲೇಬೇಕಿತ್ತಲ್ಲ."

ಅಣ್ಣ ಹೆಂಡತಿಯನ್ನು ದಿಟ್ಟಿಸಿದ. ಕೊನೆಗೆ ಬಾಯಿಬಿಟ್ಟ. "ಥೂ, ಒಣ ಪಾಚಿಗೆ ಯಾರಾದ್ರೂ ಪೈಪು ಹಿಡೀತಾರಾ?"

ಅವಳು ಕಹಿಯಾಗಿ ನಕ್ಕಳು. "ನೋಡಿದ್ರಲ್ಲ ಮೇಡಂ? ಇದೇ ನನ್ನ ಸಂಸಾರ. ನಡೀರಿ, ಜೀಪು ಹತ್ತುತ್ತೀನಿ."

* * *

"ನೀವಿನ್ನು ಹೊರಡಬಹುದು," ಇನ್ಸ್‌ಪೆಕ್ಟರಮ್ಮ ಮಾಲಿಗೆ ಹೇಳಿದಳು. ಬೆಳಿಗ್ಗೆ 'ಏನಯ್ಯಾ' ಅಂದದ್ದು ನೆನಪಾಗಿ ಅವಳಿಗೇ ನಾಚಿಕೆಯಾಯಿತು.

ಮಾಲಿ ತನ್ನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಚೀಲ ಹೆಗಲಿಗೇರಿಸಿದ. ತಂಗಿ ಗಾಬರಿಯಾದಳು. ಒಂದು ಕಾಲಲ್ಲಿ ನಿಂತು ನಲವತ್ತು ಕುಂಡ ಒಬ್ಬಳೇ ಎತ್ತುವುದು ಹೇಗೆ?

"ಎಲ್ಲಿಗೆ ಹೊರಟೆ? ಬೇರು ಹಸಿರಿದೆಯಲ್ಲ, ಇವು ಬದುಕ್ತಾವಾ? ಹೇಳೋ!"

ಮಾಲಿ ಬಾಗಿಲಲ್ಲಿ ನಿಂತ. ಕೆನ್ನೆ ಇನ್ನೂ ಕೆಂಪಗಿತ್ತು.

"ನನಗೆ ಹೊಡೆದ ಕೈ ಇದೆಯಲ್ಲ ಅಕ್ಕಾ, ಅದೇ ಕೈಯಲ್ಲಿ ಒಂದೊಂದಾಗಿ ಬಕೆಟ್ಟಿಗೆ ಇಳಿಸಿ ನೋಡಿ," ಎಂದು ಹೊರಟುಹೋದ.