ಕಲ್ಲುದೊಣೆಯಲ್ಲಿ ಈಜಿದ್ದು

೧೯೪೪ರ ಬೇಸಿಗೆಯಲ್ಲಿ ನಾನೂ ನನ್ನ ಭಾವಮೈದುನ ರಾಮಾಂಜಿನಪ್ಪನೂ ಎರಡು ನಾಯಿಗಳನ್ನು ಕರೆದುಕೊಂಡು ತೂಬಗೆರೆ ಹತ್ತಿರದ ಬೆಟ್ಟ ಹತ್ತಿದೆವು. ಮಧ್ಯಾಹ್ನ, ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತಿದ್ದ ಕಲ್ಲುದೊಣೆಯಲ್ಲಿ ಈಜಲು ನಾನೊಬ್ಬನೇ ಇಳಿದೆ. ಬಂಡೆ ಸುಡುತ್ತಿದ್ದರೂ ನೀರು ಮೂಳೆ ಕೊರೆಯುವಷ್ಟು ತಣ್ಣಗಿತ್ತು. ಯಾವಾಗಲೂ ನನಗಿಂತ ಮೊದಲು ಧುಮುಕುತ್ತಿದ್ದ ನಾಯಿಗಳು ಅಂದು ದಡದಲ್ಲೇ ನಿಂತು, ನನ್ನ ಬೆನ್ನ ಹಿಂದೆ ನೋಡುತ್ತಾ ಬಾಲ ಆಡಿಸುತ್ತಿದ್ದವು.

“ಭಾವ, ನಿನ್ ಹಿಂದೆ ಯಾರೋ ಈಜ್ದಂಗೆ ನೀರು ಅಲುಗ್ತೈತೆ. ಬೇಗ ಮೇಲಕ್ಕೆ ಬಂದ್ಬಿಡು!” ಅಂದ ರಾಮಾಂಜಿನಪ್ಪ.

ನಾನು ಗಾಬರಿಯಿಂದ ಎದ್ದು ಬಂದೆ. ನನ್ನ ಪಕ್ಕದಲ್ಲೇ ಬಂಡೆಯ ಮೇಲೆ ಇನ್ನೊಬ್ಬರ ಒದ್ದೆ ಹೆಜ್ಜೆಗಳು ಒಂದೊಂದಾಗಿ ಮೂಡುತ್ತಾ ಕಾಲುದಾರಿ ಹಿಡಿದವು. ನಾವು ಎಷ್ಟು ಕೂಗಿದರೂ ಕೇಳದೆ ನಾಯಿಗಳು ಆ ಹೆಜ್ಜೆಗಳ ಹಿಂದೆಯೇ ಹೋದವು.

ಮೂರನೆಯ ದಿನ ಒಂದು ನಾಯಿ ಮಾತ್ರ ಮನೆಗೆ ಬಂತು. ಅದರ ಕೊರಳಿಗೆ ಯಾರೋ ಹಗ್ಗ ಕಟ್ಟಿದ್ದರು. ಹಗ್ಗದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.