ಹದಿನಾರು ಮೀಟರ್

೧೨-೫-೧೯೮೮, ಗುರುವಾರ. ಬೆಳಿಗ್ಗೆ ಒಂಬತ್ತೂವರೆಗೆ ಕೆಂಗೇರಿ ಠಾಣೆಯ ಮೆಟ್ಟಿಲು ಹತ್ತಿ ಬಂದ ಕೆಂಚಪ್ಪನ ಕೈಯಲ್ಲಿ ದೂರಿನ ಅರ್ಜಿ ಇರಲಿಲ್ಲ. ಅವನಿಗೆ ಬರೆಯಲು ಬರುತ್ತಿರಲಿಲ್ಲ. ಹಿಂದಿನ ದಿನ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಎದ್ದ ಬಿರುಗಾಳಿಗೆ ಅಗರಬತ್ತಿ ಕಾರ್ಖಾನೆಯ ಶೆಡ್ ಕುಸಿದು ಅವನ ಹೆಂಡತಿ ಪಾಪಮ್ಮ ಸತ್ತಿದ್ದಳು. ಜೊತೆಗೆ ಅಂಜಮ್ಮ, ಲಿಂಗಮ್ಮ ಎಂಬ ಇನ್ನಿಬ್ಬರು. ರಾಮಕ್ಕ ಎಂಬಾಕೆ ಬೆನ್ನುಮೂಳೆ ಮುರಿದು ಆಸ್ಪತ್ರೆ ಸೇರಿದ್ದಳು.

ಇನ್ಸ್‌ಪೆಕ್ಟರ್ ಚನ್ನಕೇಶವ ಆಗಲೇ ಅಸಹಜ ಸಾವಿನ ವರದಿ ಬರೆಸುತ್ತಿದ್ದರು. ಕಾರಣದ ಜಾಗದಲ್ಲಿ ಬಿರುಗಾಳಿ ಎಂದು ಬರೆದಾಗಿತ್ತು. ಗಾಳಿಯ ಮೇಲೆ ಕೇಸು ಹಾಕುವುದು ಹೇಗೆ? ನಿದ್ದೆಗೆಟ್ಟ ಮನುಷ್ಯ, ಫೈಲು ಮುಚ್ಚಿದರೆ ಸಾಕಾಗಿತ್ತು. ಸುಳ್ಳೇಕೆ ಹೇಳಬೇಕು.

"ಗಾಳಿ ಅಂತ ಬರ್ಕೊಂಡ್ರಾ ಸಾರ್?" ಕೆಂಚಪ್ಪ ಕೇಳಿದ.

"ಗಾಳಿ ಬಂದಿತ್ತಲ್ಲಪ್ಪ. ಕರೆಂಟ್ ಕಂಬಗಳೇ ಬಿದ್ದಿವೆ."

"ಶೆಡ್ಡಿನ ಪಕ್ಕದಾಗೇ ನಮ್ಮನೆ ಐತೆ. ನಮ್ಮ ತಾತ ಕಟ್ಟಿದ್ ಹೆಂಚಿನ ಮನೆ. ಒಂದು ಹೆಂಚು ಕದಲಿಲ್ಲ. ಇದು ಕಟ್ಟಿ ನಾಲ್ಕೇ ತಿಂಗಳು ಸಾರ್, ಕಬ್ಬಿಣದ್ದು. ಕಬ್ಬಿಣ ಬೀಳುತ್ತೆ, ಹೆಂಚು ನಿಲ್ಲುತ್ತೆ ಅಂದ್ರೆ ಅದೆಂಥ ಗಾಳಿ?"

ಚನ್ನಕೇಶವ ಬರೆಸುತ್ತಿದ್ದ ಹಾಳೆಯನ್ನು ಪಕ್ಕಕ್ಕಿಟ್ಟರು. ಕೆಂಚಪ್ಪ ಹೇಳುತ್ತಾ ಹೋದದ್ದನ್ನು ಹೆಡ್ ಕಾನ್‌ಸ್ಟೆಬಲ್ ಬೈರಯ್ಯ ಬರೆದುಕೊಂಡ, ಹೆಬ್ಬೆಟ್ಟು ಒತ್ತಿಸಿಕೊಂಡ. ಹತ್ತೂಕಾಲಿಗೆ ಎಫ್‌ಐಆರ್ ಆಯಿತು: ದಂಡ ಸಂಹಿತೆಯ ೩೦೪-ಎ, ನಿರ್ಲಕ್ಷ್ಯದಿಂದ ಸಾವು. ಆರೋಪಿಯ ಹೆಸರಿನ ಜಾಗ ಖಾಲಿ ಉಳಿಯಿತು.

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಕಬ್ಬಿಣದ ಅಡಿಯಲ್ಲಿ ಊದುಬತ್ತಿಯ ಕಡ್ಡಿಗಳು ಹುಲ್ಲಿನಂತೆ ಚೆಲ್ಲಿದ್ದವು. ಆ ಘಮ ಬೇರೆ, ಸಾವಿನ ಮನೆಗೆ ಹೇಳಿ ಮಾಡಿಸಿದ ಹಾಗೆ. ಬೈರಯ್ಯನ ಅಪ್ಪ ಕುಲುಮೆ ಇಟ್ಟಿದ್ದವರು, ಕಬ್ಬಿಣದ ಹತ್ತಿರ ಅವನಿಗೆ ಸಲುಗೆ ಜಾಸ್ತಿ. ಚಾವಣಿ ಹೊತ್ತಿದ್ದ ಎಂಟು ಟ್ರಸ್ಸುಗಳ, ಆ ಕಬ್ಬಿಣದ ತ್ರಿಕೋನ ಚೌಕಟ್ಟುಗಳ, ಸುತ್ತ ಎರಡು ಸಲ ಓಡಾಡಿ ಬಂದ.

"ಬೆಸುಗೆ ಎಲ್ಲೂ ಬಿಟ್ಟಿಲ್ಲ ಸಾರ್. ಮೇಲಿನ ಪಟ್ಟಿನೂ ಪರವಾಗಿಲ್ಲ. ಆದ್ರೆ ಈ ಕೆಳಪಟ್ಟಿ ನೋಡಿ, ಗೋಡೆಯಿಂದ ಗೋಡೆಗೆ ಎಳೆದಿರೋದು. ಎಲ್ಲಾ ಪಕ್ಕಕ್ಕೆ ಹೊರಳ್ಕೊಂಡಿದೆ."

"ಅಂದ್ರೆ?"

"ಕೆಲಸದವರ ತಪ್ಪಲ್ಲ ಅನ್ಸುತ್ತೆ. ಕೆಲಸ ಹೇಳಿದವರ ತಪ್ಪು."

ಬೈರಯ್ಯನ ಮಾತು ಶುಕ್ರವಾರ ಖಚಿತವಾಯಿತು. ಶೆಡ್ ಎಬ್ಬಿಸಿದ ಮೇಸ್ತ್ರಿ ತಿಮ್ಮಯ್ಯ ನಕ್ಷೆ ತಂದು ಮುಂದೆ ಹರಡಿದ. ಅಳೆದು ನೋಡಿದರೆ ಕಬ್ಬಿಣ ನಕ್ಷೆಯಲ್ಲಿದ್ದ ಹಾಗೆಯೇ ಇತ್ತು, ಒಂದು ನೂಲೂ ಕಡಿಮೆಯಿಲ್ಲ. ನಕ್ಷೆಯ ಮೂಲೆಯಲ್ಲಿ ೨೨-೧೨-೮೭ರ ತಾರೀಖು, ಮೂರು ಹೆಸರು. ವಿನ್ಯಾಸ: ನಂಜುಂಡಪ್ಪ. ಕಂಪ್ಯೂಟರ್: ಗಂಗಲಕ್ಷ್ಮಿ. ಒಪ್ಪಿಗೆ: ರೇವಣಸಿದ್ದಪ್ಪ.

ಶನಿವಾರ ಹನ್ನೊಂದಕ್ಕೆ ಚನ್ನಕೇಶವ ನಕ್ಷೆ ಬರೆದ ರಾಜಾಜಿನಗರದ ವಿನ್ಯಾಸ ಕಚೇರಿಗೆ ಹೋದರು. ಒಳಗೊಂದು ತಣ್ಣನೆಯ ಕೋಣೆ, ಬಾಗಿಲಲ್ಲಿ ಚಪ್ಪಲಿಗಳ ಸಾಲು. ಕಂಪ್ಯೂಟರ್ ಇರುವ ಕಡೆ ಚಪ್ಪಲಿ ಹಾಕುವಂತಿಲ್ಲವಂತೆ. ದೇವರ ಮನೆ ಕೆಟ್ಟಿತು! ಪರದೆಯ ನೆತ್ತಿಯ ಮೇಲೆ ಆಯುಧಪೂಜೆಯ ಕುಂಕುಮದ ಬೊಟ್ಟು ಇನ್ನೂ ಅಳಿಸಿರಲಿಲ್ಲ. ಮುಂಬಾಗಿಲ ಗಾಜಿನ ಪೆಟ್ಟಿಗೆಯಲ್ಲಿ ಲೆಕ್ಕ ಮಾಡುವ ಹಳೆಯ ಸ್ಲೈಡ್ ರೂಲ್ ಒಂದನ್ನು ಇಟ್ಟು, ‘ಹಿಂದಿನ ಕಾಲದ ಸಾಧನ’ ಎಂದು ಚೀಟಿ ಅಂಟಿಸಿದ್ದರು.

ಮಾಲೀಕ ರೇವಣಸಿದ್ದಪ್ಪ ಮೇಜಿನ ಮೇಲೆ ಮಡಿಕೆ ಮಡಿಕೆಯ ಉದ್ದ ಕಾಗದ ಬಿಚ್ಚಿದರು. ಶೆಡ್ಡಿನ ಒಂದೊಂದು ಕಬ್ಬಿಣಕ್ಕೂ ಒಂದೊಂದು ಸಾಲು. ಪ್ರತಿ ಸಾಲಿನ ಕೊನೆಯಲ್ಲಿ ಓಕೆ, ಓಕೆ, ಓಕೆ.

"ಕಂಪ್ಯೂಟರ್ ತಪ್ಪು ಮಾಡಲ್ಲ ಇನ್ಸ್‌ಪೆಕ್ಟರೇ. ಕೊಟ್ಟಿದ್ದನ್ನ ಲೆಕ್ಕ ಹಾಕುತ್ತೆ. ಕೊಡೋಳು ಆ ಹುಡುಗಿ. ಡಿಪ್ಲೊಮಾ ಮುಗಿಸಿ ಇನ್ನೂ ಒಂದು ವರ್ಷ ಆಗಿಲ್ಲ."

"ಬರೆದು ಕೊಡ್ತೀರಾ?"

ಕೊಟ್ಟರು. ಆಪರೇಟರ್ ಗಂಗಲಕ್ಷ್ಮಿ ಅಂಕಿಗಳನ್ನು ತಪ್ಪಾಗಿ ತುಂಬಿದ್ದೇ ಅನಾಹುತಕ್ಕೆ ಕಾರಣವೆಂದು ಟೈಪ್ ಮಾಡಿಸಿ, ಸೀಲು ಒತ್ತಿ ಕೊಟ್ಟರು. ಸಂಜೆಗೆ ಮೇಲಿನಿಂದ ಫೋನು ಬಂತು: ಹೆಸರು ಕೈಗೆ ಸಿಕ್ಕ ಮೇಲೆ ತಡ ಏಕೆ, ಮಂಗಳವಾರದೊಳಗೆ ಹುಡುಗಿಯನ್ನು ಬಂಧಿಸಿ ಕೋರ್ಟಿಗೆ ಹಾಜರುಪಡಿಸಿ.

ಹೆಂಗಸರನ್ನು ವಿಚಾರಣೆಗೆ ಠಾಣೆಗೆ ಕರೆಸುವಂತಿಲ್ಲ. ಭಾನುವಾರ ಹತ್ತು ಗಂಟೆಗೆ ಚನ್ನಕೇಶವ, ಬೈರಯ್ಯ ಇಬ್ಬರೂ ಹೊಸಹಳ್ಳಿಯ ಅವಳ ಮನೆಗೇ ಹೋದರು. ಗಂಗಲಕ್ಷ್ಮಿಗೆ ಇಪ್ಪತ್ತೆರಡು. ಅತ್ತೂ ಅತ್ತೂ ಮುಖ ಊದಿತ್ತು. ಅವಳಪ್ಪ ಚಿಕ್ಕಹನುಮಯ್ಯ ಬಾಗಿಲಿಗೆ ಅಡ್ಡ ನಿಂತವನು ಕುರ್ಚಿ ಕೊಡುವುದನ್ನೂ ಮರೆತಿದ್ದ.

"ನನ್ನ ಮಗಳು ಜೈಲಿಗೆ ಹೋಗ್ಬೇಕಾ ಸಾರ್?"

"ಮೊದಲು ಮಾತಾಡ್ಲಿ ಬಿಡಿ ಯಜಮಾನ್ರೇ. ಕಂಪ್ಯೂಟರ್ ಹೇಗೆ ಓಕೆ ಅನ್ನುತ್ತಮ್ಮಾ? ನಂಗೆ ಅರ್ಥ ಆಗೋ ಹಾಗೆ ಹೇಳು."

ಅವಳು ಕಣ್ಣೊರೆಸಿಕೊಂಡು ಮೂಲೆಯ ಪೊರಕೆಯಿಂದ ಒಂದು ಉದ್ದನೆಯ ಕಡ್ಡಿ ಎಳೆದಳು. ಎರಡೂ ತುದಿಗಳನ್ನು ಅಂಗೈಗಳ ನಡುವೆ ಇಟ್ಟು ಒತ್ತಿದಳು. ಕಡ್ಡಿ ಪಕ್ಕಕ್ಕೆ ಬಳುಕಿತು. ಗೇಣುದ್ದ ಮುರಿದು ಒತ್ತಿದಳು. ಅದು ಹಾಗೇ ನಿಂತಿತು.

"ಉದ್ದ ಇದ್ರೆ ಬಳುಕುತ್ತೆ ಸಾರ್, ಗಿಡ್ಡ ಇದ್ರೆ ಇಲ್ಲ. ಗಾಳಿ ಒಳಗೆ ನುಗ್ಗಿ ಚಾವಣಿ ಮೇಲಕ್ಕೆತ್ತಿದಾಗ ಕೆಳಪಟ್ಟಿನ ಹೀಗೇ ಎರಡೂ ಕಡೆಯಿಂದ ಒತ್ತುತ್ತೆ. ಚೆಕ್ ಮಾಡೋಕೆ ಮೊದಲು ಪ್ರತಿ ಕಬ್ಬಿಣಕ್ಕೂ ನಾವು ಕಂಪ್ಯೂಟರಿಗೆ ಹೇಳ್ಬೇಕು: ಯಾವ ಸೈಜು, ಎಂಥ ಉಕ್ಕು, ಪಕ್ಕಕ್ಕೆ ಯಾವ ಆಸರೆನೂ ಇಲ್ದೆ ಎಷ್ಟು ಉದ್ದ ಇದೆ ಅಂತ. ಉದ್ದ ಹೇಳ್ದೆ ಇದ್ರೆ ಅದು ಒಂದು ಕೀಲಿಂದ ಇನ್ನೊಂದು ಕೀಲಿಗೆ ಎಷ್ಟೋ ಅಷ್ಟನ್ನೇ ತಗೊಳ್ಳುತ್ತೆ. ಎರಡು ಮೀಟರ್."

"ನಿಜವಾಗಿ ಎಷ್ಟಿತ್ತು?"

"ನಡುವೆ ಎಲ್ಲೂ ಅಡ್ಡ ಕಟ್ಟಿರ್ಲಿಲ್ಲ. ಗೋಡೆಯಿಂದ ಗೋಡೆಗೆ, ಹದಿನಾರು."

"ಮತ್ತೆ ನೀನ್ಯಾಕೆ ಹದಿನಾರು ಅಂತ ಹಾಕ್ಲಿಲ್ಲ?"

"ನಾನಾಗಿ ಏನೂ ಹಾಕೋ ಹಾಗಿಲ್ಲ ಸಾರ್. ನಂಜುಂಡಪ್ಪ ಸಾರ್ ಫಾರಂ ತುಂಬಿ ಕೊಡ್ತಾರೆ, ನಾನು ನೋಡ್ಕೊಂಡು ಒತ್ತೋದು. ಆ ಕಾಲಂ ಖಾಲಿ ಇತ್ತು. ಹೋಗಿ ಕೇಳ್ದೆ, ಸಾರ್ ಇದಕ್ಕೆ ಉದ್ದ ಎಷ್ಟು ಹಾಕ್ಲಿ ಅಂತ. ‘ಖಾಲಿ ಬಿಡಮ್ಮಾ, ನಿಮ್ಮ ಕಂಪ್ಯೂಟರಿಗೆ ಎಲ್ಲಾ ಗೊತ್ತಿರುತ್ತೆ’ ಅಂದ್ರು."

"ಯಾರಾದ್ರೂ ಕೇಳಿಸ್ಕೊಂಡ್ರಾ?"

"ಇಲ್ಲ ಸಾರ್." ಅವಳು ಮತ್ತೆ ಅಳತೊಡಗಿದಳು.

ಸೋಮವಾರ, ೧೬-೫-೮೮. ಠಾಣೆಗೆ ಮೂರು ಗಂಟೆಗೆ ಬನ್ನಿ ಎಂದರೆ ನಂಜುಂಡಪ್ಪ ಎರಡು ಐವತ್ತಕ್ಕೇ ಬಂದು ಬೆಂಚಿನ ಮೇಲೆ ಕೂತಿದ್ದರು. ವಯಸ್ಸು ಐವತ್ತೆರಡು, ಇಸ್ತ್ರಿ ಮಾಡಿದ ಬಿಳಿ ಷರಟು, ಜೇಬಿನಲ್ಲಿ ಎರಡು ಪೆನ್ಸಿಲು. ಅದೇ ಕಚೇರಿಯಲ್ಲಿ ಇಪ್ಪತ್ತಾರು ವರ್ಷ. ಇಂಥವರ ಎದುರು ಯಾರಿಗಾದರೂ ನೀವು ಎನ್ನುವ ಮಾತೇ ಬಾಯಿಗೆ ಬರುತ್ತದೆ.

"ನಿಮ್ಮ ಕಚೇರಿಯಿಂದ ತರಿಸಿದ ಫಾರಂನಲ್ಲಿ ಉದ್ದದ ಕಾಲಂ ಖಾಲಿ ಇದೆಯಲ್ಲ ನಂಜುಂಡಪ್ಪನವರೇ?"

"ಬರೆಯೋದು ಮರೆತುಹೋಗಿತ್ತು. ಆದ್ರೆ ಬಾಯಲ್ಲಿ ಹೇಳಿದ್ದೆ, ಹದಿನಾರು ಅಂತ. ಆ ಹುಡುಗಿ ಹಾಕಿಲ್ಲ."

"ಪ್ರಿಂಟ್ ಬಂದ ಮೇಲೆ ನೋಡ್ಲಿಲ್ವಾ?"

"ಕಂಪ್ಯೂಟರ್ ಓಕೆ ಅಂದ್ಮೇಲೆ ನಾವು ನೋಡೋದು ಏನಿರುತ್ತೆ ಸಾರ್?"

"ಕೈಲೆಕ್ಕ ಮಾಡಿರ್ಲಿಲ್ವಾ?"

"ಕಂಪ್ಯೂಟರ್ ಬಂದ್ಮೇಲೆ ಬಿಟ್ಟುಬಿಟ್ಟೆ."

ಒಬ್ಬರ ಮಾತಿಗೆ ಇನ್ನೊಬ್ಬರ ಮಾತು. ಕೋರ್ಟಿನಲ್ಲಿ ಇಪ್ಪತ್ತಾರು ವರ್ಷದ ಸರ್ವಿಸಿನ ಮುಂದೆ ಇಪ್ಪತ್ತೆರಡು ವರ್ಷದ ಹುಡುಗಿ ಎಲ್ಲಿ ನಿಲ್ಲುತ್ತಾಳೆ? ನಾಳೆ ಅವಳ ಮನೆ ಬಾಗಿಲಿಗೆ ಜೀಪು ತಗೊಂಡು ಹೋಗಬೇಕಾದವರು ಚನ್ನಕೇಶವರೇ.

ಬೈರಯ್ಯ ಜಪ್ತಿ ಮಾಡಿದ ಕಬ್ಬಿಣದ ತುಂಡುಗಳ ಎಣಿಕೆ ಬರೆದ ಹಾಳೆ ತಂದು, ನಕ್ಷೆಯೊಂದಿಗೆ ತಾಳೆ ನೋಡಿ ಸಹಿ ಹಾಕಿ ಎಂದು ನಂಜುಂಡಪ್ಪನವರ ಮುಂದಿಟ್ಟ. ಅವರು ಕನ್ನಡಕ ಏರಿಸಿಕೊಂಡು ಓದತೊಡಗಿದರು. ಕೊನೆಯ ಸಾಲಿಗೆ ಬಂದಾಗ ಕೈ ತಾನಾಗಿಯೇ ಜೇಬಿಗೆ ಹೋಗಿ ಪೆನ್ಸಿಲು ತೆಗೆಯಿತು. ಹದಿನಾಲ್ಕು, ಒಂಬತ್ತು, ಹದಿನೇಳು, ಆರು. ಬೈರಯ್ಯ ಒಟ್ಟು ನಲವತ್ತೈದು ಎಂದು ಬರೆದಿದ್ದ. ಅವರು ಅದನ್ನು ಹೊಡೆದು ನಲವತ್ತಾರು ಮಾಡಿದರು. ತಿದ್ದಿದ ಜಾಗದ ಪಕ್ಕ ‘ನಂ.’ ಎಂದು ಚಿಕ್ಕ ಸಹಿ ಹಾಕಿ, ಕೆಳಗೆ ತಾರೀಖು ಬರೆದರು. ಆಮೇಲೆ, ಬರೆದ ಕೈಯನ್ನು ಮೇಜಿನ ಅಂಚಿನ ಕೆಳಗೆ ಇಳಿಸಿಕೊಂಡರು.

ಇಳಿಸುವ ಮೊದಲೇ ಚನ್ನಕೇಶವ ನೋಡಿದ್ದರು. ಕಿರುಬೆರಳ ಕೆಳಗಿನ ಅಂಗೈಯ ಅಂಚಿನಲ್ಲಿ ಸೀಸದ ಬೂದು ಬಣ್ಣ ಮಿರಮಿರ ಮಿಂಚುತ್ತಿತ್ತು. ಕೈಲೆಕ್ಕ ಬಿಟ್ಟ ಕೈಯಲ್ಲ ಅದು.

ನಂಜುಂಡಪ್ಪ ಹೊರಟ ಮೇಲೆ ಬೈರಯ್ಯ ತಲೆ ಕೆರೆದುಕೊಂಡ. "ಒಂದು ಅಂಕಿಗೆ ನನ್ನ ಮಾನ ಹೋಯ್ತಲ್ಲ ಸಾರ್."

"ಹೋದ್ರೆ ಹೋಗ್ಲಿ ಬಿಡಯ್ಯಾ. ಪೊಲೀಸರ ಕಾಗದದಲ್ಲಿ ಒಂದು ತಪ್ಪು ಕಂಡ್ರೆ ಸುಮ್ಮನೆ ಕೂರಕ್ಕಾಗದ ಮನುಷ್ಯ, ತನ್ನ ಫಾರಂನಲ್ಲಿ ಒಂದು ಕಾಲಂ ಮರೆತುಹೋಯ್ತು ಅಂತಾನೆ. ನಂಬ್ತೀಯಾ? ಸರ್ಚ್ ವಾರಂಟಿಗೆ ಅರ್ಜಿ ಬರಿ."

ಮಂಗಳವಾರ, ೧೭-೫-೮೮, ಬೆಳಿಗ್ಗೆ ಎಂಟೂಕಾಲು. ಬಸವೇಶ್ವರನಗರದ ಮನೆಯಲ್ಲಿ ಮಂಚದ ಕೆಳಗೊಂದು ಟ್ರಂಕು. ತೆರೆದರೆ ಲೆಕ್ಕದ ಪುಸ್ತಕಗಳು, ಒಂದರಿಂದ ಅರವತ್ತೆರಡರವರೆಗೆ ನಂಬರು ಹಾಕಿದ್ದವು. ಪುಟಕ್ಕೂ ನಂಬರು, ಪುಟಕ್ಕೂ ತಾರೀಖು, ತಿದ್ದಿದ ಕಡೆಯೆಲ್ಲಾ ಚಿಕ್ಕ ಸಹಿ. ನಂಜುಂಡಪ್ಪ ಬಾಗಿಲಲ್ಲಿ ನಿಂತಿದ್ದರು. ಬೇಡ ಎನ್ನಲಿಲ್ಲ, ಕೂರಲೂ ಇಲ್ಲ.

ಅರವತ್ತೊಂದನೇ ಪುಸ್ತಕ, ಪುಟ ಎಂಬತ್ನಾಲ್ಕು. ಕೆಂಗೇರಿ ಶೆಡ್, ಕೆಳಪಟ್ಟಿ, ಗಾಳಿ ಮೇಲಕ್ಕೆತ್ತಿದಾಗ. ಆಸರೆಯಿಲ್ಲದ ಉದ್ದ ಹದಿನಾರು ಮೀಟರ್. ಅಡಿಯಲ್ಲಿ ಕೆಂಪು ಪೆನ್ಸಿಲಿನಲ್ಲಿ: ‘ನಿಲ್ಲುವುದಿಲ್ಲ.’ ಅದರ ಕೆಳಗೆ ಪರಿಹಾರ: ಟ್ರಸ್ಸಿನಿಂದ ಟ್ರಸ್ಸಿಗೆ ಮೂರು ಸಾಲು ಅಡ್ಡಪಟ್ಟಿ, ಹೆಚ್ಚಿನ ಕಬ್ಬಿಣ ನಾನೂರ ಎಂಬತ್ತು ಕೆಜಿ. ತಾರೀಖು ೧೯-೧೨-೮೭. ನಕ್ಷೆ ಹೊರಬಿದ್ದದ್ದು ಅದಾಗಿ ಮೂರು ದಿನಕ್ಕೆ.

ಚನ್ನಕೇಶವ ಆ ಪುಟವನ್ನು ಎರಡು ಸಲ ಓದಿದರು. ಮೂರು ಹೆಂಗಸರ ಜೀವ ಆ ಟ್ರಂಕಿನಲ್ಲಿ ಐದು ತಿಂಗಳು ಬಿದ್ದಿತ್ತು.

"ಗೊತ್ತಿತ್ತು. ಅಲ್ವಾ?"

"ಗೊತ್ತಿತ್ತು."

"ಮತ್ತೆ ಈ ಪುಟ ಯಾಕೆ ಹರಿದು ಹಾಕ್ಲಿಲ್ಲ?"

"ಇಪ್ಪತ್ತಾರು ವರ್ಷದಲ್ಲಿ ಒಂದು ಹಾಳೆನೂ ಹರಿದಿಲ್ಲ ಸಾರ್. ಮೊನ್ನೆ ಎರಡು ಸಲ ಕೈಗೆ ತಗೊಂಡೆ. ಹರಿಯಕ್ಕೆ ಆಗ್ಲಿಲ್ಲ. ಲೆಕ್ಕ ಸರಿಯಾಗಿತ್ತು."

ಜಪ್ತಿ ಪಂಚನಾಮೆ ಮುಗಿಸಿ ಒಂಬತ್ತೂವರೆಗೆ ಬಂಧಿಸಿದರು. ಕಲಂ ಬದಲಾಯಿತು. ೩೦೪-ಎ ಹೋಗಿ ೩೦೪ರ ಎರಡನೇ ಭಾಗ ಬಂತು: ಸಾವು ಸಂಭವಿಸಬಹುದೆಂದು ತಿಳಿದೂ ಮಾಡಿದ ಕೃತ್ಯ. ಬೈರಯ್ಯ ಸೈಕಲ್ಲಿನಲ್ಲಿ ಹೊಸಹಳ್ಳಿಗೆ ಹೋಗಿ, ಆ ಹುಡುಗಿ ಇನ್ನು ಸಾಕ್ಷಿ ಮಾತ್ರ ಎಂದು ಹೇಳಿ ಬಂದ. ಚಿಕ್ಕಹನುಮಯ್ಯ ಅವತ್ತು ಕುರ್ಚಿ ಕೊಟ್ಟನಂತೆ, ಕಾಫಿಯನ್ನೂ ಕೊಟ್ಟನಂತೆ.

ಠಾಣೆಯಲ್ಲಿ ನಂಜುಂಡಪ್ಪ ಹೇಳುತ್ತಾ ಹೋದರು, ಬೈರಯ್ಯ ಬರೆದುಕೊಂಡ.

ಪ್ರತಿ ವರ್ಷ ಆಯುಧಪೂಜೆಗೆ ಕಚೇರಿಯಲ್ಲಿ ಅವರ ಸ್ಲೈಡ್ ರೂಲಿಗೇ ಮೊದಲ ಕುಂಕುಮ. ಎಂಬತ್ತೇಳರಲ್ಲಿ ಆ ಜಾಗಕ್ಕೆ ಕಂಪ್ಯೂಟರ್ ಬಂತು. ಅವರು ನಾಲ್ಕು ದಿನ ಮಾಡಿದ್ದ ಲೆಕ್ಕವನ್ನು ಅದು ಹನ್ನೊಂದು ನಿಮಿಷಕ್ಕೆ ಮುಗಿಸಿತು. ರೇವಣಸಿದ್ದಪ್ಪ ಗಡಿಯಾರ ಹಿಡಿದು ನಿಂತಿದ್ದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಲೈಡ್ ರೂಲನ್ನು ಅವತ್ತೇ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ‘ಇನ್ನು ನಿಮ್ಮನ್ನೂ ಅದರ ಪಕ್ಕ ಕೂರಿಸ್ಬೇಕು ನಂಜುಂಡಪ್ಪ’ ಎಂದು ರೇವಣಸಿದ್ದಪ್ಪ ನಗಾಡಿದರು.

"ಆ ಕಾಲಂ ಬೇಕಂತಲೇ ಖಾಲಿ ಬಿಟ್ಟೆ. ಶೆಡ್ ಎಬ್ಬಿಸುವಾಗಲೇ ಬಾಗುತ್ತೆ ಅಂದ್ಕೊಂಡೆ. ಕೆಳಗೆ ಯಾರೂ ಇರಲ್ಲ. ಆಗ ಎಲ್ಲರೂ ನನ್ನ ಹತ್ತಿರ ಓಡಿ ಬರ್ತಾರೆ, ಪುಸ್ತಕ ತೆಗೆದು ತೋರಿಸ್ತೀನಿ ಅಂತ. ಅದು ಬಾಗ್ಲಿಲ್ಲ. ಗಾಳಿ ಬರ್ದೆ ಅದು ಬಾಗಲ್ಲ, ಅದೂ ನನಗೆ ಗೊತ್ತಿರ್ಬೇಕಿತ್ತು. ಕಾರ್ಖಾನೆ ಪೂಜೆಯ ಲಾಡು ಕಚೇರಿಗೆ ಬಂತು. ತಿಂದೆ."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲ?"

"ಎರಡು ಸಲ ಬಸ್ಸಲ್ಲಿ ಕೆಂಗೇರಿಗೆ ಹೋದೆ ಸಾರ್. ಗೇಟಿನವರೆಗೂ ಹೋದೆ. ವಾಚ್‌ಮನ್ ಯಾರು ಬೇಕು ಅಂದ. ಏನು ಹೇಳಲಿ? ವಾಪಸ್ ಬಂದೆ."

ಸಂಜೆ ಐದೂಕಾಲಿಗೆ ಹೇಳಿಕೆ ಓದಿ ಹೇಳುತ್ತಿದ್ದಾಗ ಫೋನು ಬಡಿದುಕೊಂಡಿತು. ಚನ್ನಕೇಶವ ಎರಡು ಸಲ ಹೂಂ ಎಂದು ಕೆಳಗಿಟ್ಟರು. ಬೈರಯ್ಯನ ಕಿವಿಯಲ್ಲಿ ಏನೋ ಹೇಳಿದರು. ಬೈರಯ್ಯ ಹೇಳಿಕೆಯಲ್ಲಿದ್ದ ‘ಮೂವರು’ ಎಂಬುದನ್ನು ಹೊಡೆದು ಮೇಲೆ ‘ನಾಲ್ವರು’ ಎಂದು ಬರೆದು, ಹಾಳೆಯನ್ನು ತಿರುಗಿಸಿ ಮುಂದಿಟ್ಟ.

"ತಿದ್ದಿದ ಕಡೆ ಸಹಿ ಹಾಕಿ."

ನಂಜುಂಡಪ್ಪ ಪೆನ್ನು ಹಿಡಿದರು. ಹಾಳೆಯ ಮೇಲೆ ಕೈ ನಿಂತೇ ಇತ್ತು.

"ಯಾರು?"

"ರಾಮಕ್ಕ. ಆಸ್ಪತ್ರೆಯಲ್ಲಿ."

ನಂಜುಂಡಪ್ಪ ‘ನಂ.’ ಎಂದು ಬರೆದರು. ತಾರೀಖು ಬರೆಯಲಿಲ್ಲ. ಬೈರಯ್ಯನೇ ಹಾಕಿಕೊಂಡ.

ಹೊರಗೆ ಬೆಂಚಿನ ಮೇಲೆ ಕೆಂಚಪ್ಪ ಕಾದು ಕೂತಿದ್ದ. ಎದ್ದು ನಿಂತು ಕೇಳಿದ, "ಗಾಳಿ ಅಲ್ಲ ತಾನೆ ಸಾರ್?"

"ಅಲ್ಲಪ್ಪ."

ಕೇಸ್ ಡೈರಿಯಲ್ಲಿ ಉದ್ದೇಶದ ಕಾಲಮಿನ ಎದುರು ಚನ್ನಕೇಶವ ಮೊದಲು ಅವಮಾನ ಎಂದು ಬರೆದರು. ಅಷ್ಟೇ ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ. ತನ್ನ ಬಳಿ ಬಂದು ಯಾರಾದರೂ ಒಮ್ಮೆ ಇದು ಸರಿಯಾ ಎಂದು ಕೇಳಬೇಕೆಂದು ಆ ಮನುಷ್ಯ ಕಾದಿದ್ದ. ಅದಕ್ಕಾಗಿ ನಾಲ್ಕು ಜೀವ ಹೋಯಿತು. ಆದರೆ ಡಿಸೆಂಬರ್ ತಿಂಗಳಲ್ಲೇ, ಚಪ್ಪಲಿ ಬಿಡುವ ಆ ಕೋಣೆಯಿಂದ ಎದ್ದು ಬಂದು, ಫಾರಂ ಕೈಯಲ್ಲಿ ಹಿಡಿದು, ಸಾರ್ ಇದಕ್ಕೆ ಉದ್ದ ಎಷ್ಟು ಹಾಕ್ಲಿ ಎಂದು ಒಬ್ಬಳು ಕೇಳಿದ್ದಳು.